ಸುಳ್ಳೆಂದು ಹೇಳಿಕೊಂಡೇ ಬರುವ ಸುಳ್ಳು

ಘಟಪ್ರಭೆ ಮತ್ತು ಕೃಷ್ಣೆಯರ ನಡುವಿನ ಸೀಮೆಯಲ್ಲಿ, ಮಹಾಲಿಂಗಪುರದ ಸಮೀಪವಿರುವ ಸಮೀರವಾಡಿ ಸಕ್ಕರೆ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಊರು. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳೆಲ್ಲ ಕಬ್ಬು ಹೇರಿದ ಟ್ರ್ಯಾಕ್ಟರುಗಳಿಂದ ತುಂಬಿಹೋಗುತ್ತವೆ. ಈ ಭಾಗದ ರೈತನ ವರ್ಷದ ದುಡಿಮೆ ಕೊನೆಗೆ ಬಂದು ನಿಲ್ಲುವುದು ಎರಡು ಅಂಕಿಗಳ ಮುಂದೆ. ಒಂದು ತೂಕ, ಇನ್ನೊಂದು ಸಕ್ಕರೆ ಇಳುವರಿ. ಕೇಂದ್ರ ಸರ್ಕಾರ 2009ರಿಂದ ಗೊತ್ತುಪಡಿಸುತ್ತ ಬಂದಿರುವ ಎಫ್‌ಆರ್‌ಪಿ ದರದ ಲೆಕ್ಕಾಚಾರ ನಿಂತಿರುವುದು ಇಳುವರಿಯ ಮೇಲೆ. 2025-26ನೇ ಹಂಗಾಮಿಗೆ ಶೇ 10.25ರಷ್ಟು ಇಳುವರಿಗೆ ಟನ್ನಿಗೆ 3,550 ರೂಪಾಯಿ ಎಂದು ಅದು ನಿಗದಿಯಾಯಿತು. ಆದರೆ ಈ ಇಳುವರಿ ಹೊಲದಲ್ಲಿ ಕಣ್ಣಿಗೆ ಕಾಣುವ ವಸ್ತುವಲ್ಲ. ಕಾರ್ಖಾನೆಯ ಒಳಗೆ ಲೆಕ್ಕವಾಗಿ ಹೊರಬರುವ ಅಂಕಿ.

ಯಾವುದೋ ಒಂದು ಕಾರ್ಖಾನೆಯ ಅಂಕಿ ಸರಿಯೋ ತಪ್ಪೋ ಎಂಬುದು ಈ ಬರಹದ ವಿಷಯವಲ್ಲ. ಗಮನಿಸಬೇಕಾದದ್ದು ಬೇರೆ. ಸತ್ಯವೆಂಬುದು ಒಂದು ಕಡೆ ತಯಾರಾಗಿ, ಇನ್ನೊಂದು ಕಡೆಗೆ ಚೀಟಿಯ ರೂಪದಲ್ಲಿ ತಲುಪುತ್ತದೆ. ಬೆಳೆದವನು ಅದನ್ನು ಓದಿಕೊಳ್ಳಬಹುದು, ಒಪ್ಪದೆ ಗೊಣಗಬಹುದು; ತಾನೇ ಅದನ್ನು ಬರೆಯಲಾರ. ಅಧಿಕಾರದ ಬಹುಮುಖ್ಯ ಲಕ್ಷಣವೇ ಇದು. ಅದು ಬಡಿಗೆಯನ್ನು ಕೈಗೆತ್ತಿಕೊಳ್ಳುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಅದಕ್ಕೆ ಬೇಕಾಗುವುದು ಸತ್ಯ ಯಾವುದೆಂದು ಹೇಳುವ ಹಕ್ಕು ಮಾತ್ರ. ಆದೇಶ, ಜಾಹೀರುನಾಮೆ, ಪಹಣಿ, ವರದಿ, ಅಂಕಿಅಂಶ ಇವೆಲ್ಲ ಮುದ್ರೆ ಒತ್ತಿಸಿಕೊಂಡ ಸತ್ಯಗಳು. ಮುದ್ರೆಯಿಲ್ಲದ ಮನುಷ್ಯ ಇವುಗಳ ಎದುರು ಏನು ಮಾಡಬಲ್ಲ? ಇದೇ ಸೀಮೆಯ ಜನ ಅದಕ್ಕೆ ಬಹಳ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿದ್ದರು. ಅವರು ಸುಳ್ಳು ಹೇಳಿದರು. ಅದೂ ಇದು ಸುಳ್ಳೆಂದು ಮೊದಲೇ ಸಾರಿ ಹೇಳಿದರು.

ಉತ್ತರ ಕರ್ನಾಟಕದ ಈ ಭಾಗದಲ್ಲಿ ಜಾತ್ರೆ, ಹಬ್ಬಗಳ ರಾತ್ರಿ ಶ್ರೀಕೃಷ್ಣ ಪಾರಿಜಾತದ ಆಟವಿಲ್ಲದ ಊರುಗಳು ಒಂದು ಕಾಲಕ್ಕೆ ವಿರಳವಾಗಿದ್ದವು. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದನೆಂದು ಪ್ರತೀತಿ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯ ಹೆಸರು ಈ ಆಟದೊಂದಿಗೆ ಬೆಸೆದುಕೊಂಡಿದೆ. ಕಥೆ ಎಲ್ಲರಿಗೂ ಗೊತ್ತಿರುವುದೇ: ನಾರದ ತಂದ ದೇವಲೋಕದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಹದಿನಾಲ್ಕು ಲೋಕದ ಒಡೆಯ ಒಂದು ಹೂವಿನ ದೆಸೆಯಿಂದ ಹೆಂಡತಿಯ ಬಾಗಿಲಿನಲ್ಲಿ ಕಾಯಬೇಕಾಗಿ ಬರುತ್ತದೆ. ಆದರೆ ಈ ಆಟದ ಜೀವ ಕೃಷ್ಣನಲ್ಲಾಗಲಿ ಭಾಮೆಯಲ್ಲಾಗಲಿ ಇಲ್ಲ. ಅವರ ನಡುವೆ ಓಡಾಡುವ ಭಾಗವತನಲ್ಲಿದೆ.

ಈ ಭಾಗವತ ಸೂತ್ರಧಾರನೂ ಹೌದು, ದೂತನೂ ಹೌದು, ಹಾಸ್ಯಗಾರನೂ ಹೌದು. ದೇವತೆಗಳು ಹಾಡಿನ ಭಾಷೆಯಲ್ಲಿ ತಮ್ಮ ಮಹಿಮೆಯನ್ನು ಬಣ್ಣಿಸಿಕೊಂಡರೆ, ಈತ ಹೊಲ-ಸಂತೆಯ ಭಾಷೆಯಲ್ಲಿ ಅದರ ಅರ್ಥ ಕೇಳುತ್ತಾನೆ. ನೀನು ಯಾರು, ಯಾವ ಊರು, ಇಷ್ಟು ದೊಡ್ಡವನಾದರೆ ಇಲ್ಲೇಕೆ ನಿಂತಿದ್ದೀ ಎಂಬ ಧಾಟಿಯ ಪ್ರಶ್ನೆಗಳನ್ನು ಮುಗ್ಧನಂತೆ ಎಸೆಯುತ್ತಾನೆ. ದೇವರು ತನ್ನ ಗುರುತನ್ನು ತಾನೇ ರುಜುವಾತುಪಡಿಸಬೇಕಾದ ಸ್ಥಿತಿ ಒದಗುತ್ತದೆ. ಪ್ರೇಕ್ಷಕರು ನಗುತ್ತಾರೆ. ಮರುದಿನ ಬೆಳಿಗ್ಗೆ ಅವರೇ ಗುಡಿಗೆ ಹೋಗಿ ಅದೇ ಕೃಷ್ಣನಿಗೆ ಕೈಮುಗಿಯುತ್ತಾರೆ. ಇದರಲ್ಲಿ ಯಾವ ವಿರೋಧಾಭಾಸವೂ ಇಲ್ಲ. ಭಾಗವತ ದೇವರನ್ನು ಇಲ್ಲವೆನ್ನಲಿಲ್ಲ. ದೊಡ್ಡವರನ್ನು ಪ್ರಶ್ನಿಸಬಹುದು ಎಂಬ ಅಭ್ಯಾಸವನ್ನಷ್ಟೇ ಊರಿಗೆ ಕಲಿಸಿದ. ದೇವರನ್ನೇ ಹೀಗೆ ಕೇಳಬಹುದಾದರೆ ದೇಸಾಯಿಯನ್ನು, ಸಾಹೇಬನನ್ನು, ಚೇರ್ಮನ್ನರನ್ನು ಕೇಳುವುದು ಯಾವ ದೊಡ್ಡ ಮಾತು?

ಇಲ್ಲಿ ಒಂದು ಸೂಕ್ಷ್ಮವಿದೆ. ಬಣ್ಣ ಬಳಿದುಕೊಂಡು, ಗಣಪತಿ ಸ್ತುತಿ ಹಾಡಿ, ದೀಪದ ಬೆಳಕಿನಲ್ಲಿ ರಂಗಕ್ಕೆ ಬರುವ ಆಟ ತಾನು ಆಟವೆಂಬುದನ್ನು ಎಂದೂ ಮುಚ್ಚಿಡುವುದಿಲ್ಲ. ಕೃಷ್ಣನ ವೇಷದಲ್ಲಿರುವವನು ಪಕ್ಕದ ಓಣಿಯ ನೇಕಾರನೆಂಬುದು ಎಲ್ಲರಿಗೂ ಗೊತ್ತು. ಇದು ಒಪ್ಪಿಕೊಂಡ ಸುಳ್ಳು. ಅಧಿಕಾರದ ಮಾತು ಇದಕ್ಕೆ ತದ್ವಿರುದ್ಧ. ಅದು ತಾನು ವೇಷವೆಂಬುದನ್ನು ಎಂದೂ ಒಪ್ಪುವುದಿಲ್ಲ. ಇವೆರಡನ್ನೂ ಎದುರುಬದುರು ನಿಲ್ಲಿಸಿದಾಗ, ಒಪ್ಪಿಕೊಂಡ ಸುಳ್ಳಿನ ಬೆಳಕಿನಲ್ಲಿ ಒಪ್ಪಿಕೊಳ್ಳದ ವೇಷ ತಾನಾಗಿಯೇ ಕಾಣತೊಡಗುತ್ತದೆ. ವಿಡಂಬನೆಯ ಶಕ್ತಿಯ ಗುಟ್ಟು ಇಷ್ಟೇ.

ನಗೆಯಿಲ್ಲದೆಯೂ ಈ ಕೆಲಸ ನಡೆಯಬಹುದೆಂಬುದಕ್ಕೆ ಮುಧೋಳ ಸೀಮೆಯ ಹಲಗಲಿಯೇ ಸಾಕ್ಷಿ. 1857ರಲ್ಲಿ ಬ್ರಿಟಿಷ್ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಜಾರಿಗೆ ತಂದಾಗ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರದ ಕಡತದಲ್ಲಿ ಇದು ದಂಗೆಯನ್ನು ಅಡಗಿಸಿದ ಪ್ರಕರಣ. ಆದರೆ ಜನ ಇದರ ಮೇಲೊಂದು ಲಾವಣಿ ಕಟ್ಟಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಉಳಿದದ್ದು ಆ ಹಾಡಿನಲ್ಲಿ.

ಆ ಲಾವಣಿಯಲ್ಲಿ ಊರಿನಿಂದ ಲೂಟಿಯಾದ ವಸ್ತುಗಳ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ದನಕರುಗಳ ಜೊತೆಗೆ ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲದಂತಹ ಅಡಿಗೆಮನೆಯ ಸಾಮಾನುಗಳೂ ಸೇರಿವೆ. ಮೇಲ್ನೋಟಕ್ಕೆ ಇದು ಬರೀ ಲೆಕ್ಕ. ಆದರೆ ಕೇಳುಗರ ಮನಸ್ಸಿನಲ್ಲಿ ಒಂದು ಹೋಲಿಕೆ ತಾನಾಗಿ ಮೂಡುತ್ತದೆ: ಆಯುಧ ಕೇಳಲು ಬಂದ ಸರ್ಕಾರ ಅರಿಸಿನವನ್ನು ಹೊತ್ತೊಯ್ದಿತು! ಎಲ್ಲಿಯೂ ಬೈಗುಳವಿಲ್ಲ. ಆಳುವವರ ಅಸ್ತ್ರವಾದ ಪಟ್ಟಿಯನ್ನೇ ಆಳಿಸಿಕೊಂಡವರು ತಮ್ಮ ಕೈಗೆತ್ತಿಕೊಂಡರು. ಇನ್ನೂ ಒಂದು ಸ್ವಾರಸ್ಯವೆಂದರೆ, ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜಾನ್ ಫ್ಲೀಟ್. ಅವನ ಸಂಗ್ರಹದಲ್ಲಿ ಆದಾಯ ತೆರಿಗೆ ಹೇರಿದ್ದನ್ನು ಕುರಿತ ಕನ್ನಡ ಲಾವಣಿಯೂ ಒಂದಿತ್ತು. ಆಡಳಿತದ ಬಗ್ಗೆ ಪ್ರಜೆಗಳು ಏನನ್ನು ಹಾಡಿಕೊಳ್ಳುತ್ತಿದ್ದರೆಂಬುದು ಆಡಳಿತಗಾರನ ಕೈಯಿಂದಲೇ ನಮಗೆ ದಕ್ಕಿತು.

ವಿಡಂಬನೆ ಇರುವ ಲೋಕದ ವೇಷವನ್ನು ಕಳಚಿದರೆ, ಕಲ್ಪನಾಸಾಹಿತ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಇಲ್ಲದ ಲೋಕವೊಂದನ್ನು ಕಟ್ಟುತ್ತದೆ. ‘ಹೀಗಾಗಿದ್ದರೆ?’ ಎಂಬುದು ಅದರ ಮೂಲ ಪ್ರಶ್ನೆ. ಇದು ಪಶ್ಚಿಮದಿಂದ ಬಂದ ಪ್ರಕಾರವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನೆನೆದರೆ ಈ ಭಾವನೆ ಕರಗುತ್ತದೆ. ಭತ್ತಕ್ಕೂ ರಾಗಿಗೂ ಜಗಳ. ಯಾರು ಶ್ರೇಷ್ಠರೆಂಬ ವ್ಯಾಜ್ಯ ಶ್ರೀರಾಮನ ಸಭೆಗೆ ಬರುತ್ತದೆ. ರಾಮ ತೀರ್ಪು ಕೊಡುವುದಿಲ್ಲ; ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಮೇಲುಕೀಳಿನ ಶ್ರೇಣಿಯನ್ನು ಶಾಸ್ತ್ರವಾಕ್ಯಗಳಿಂದ ಖಂಡಿಸಲು ಹೋಗಿದ್ದರೆ ಕನಕದಾಸರಿಗೆ ಶಾಸ್ತ್ರವಾಕ್ಯಗಳಿಂದಲೇ ಉತ್ತರ ಬರುತ್ತಿತ್ತು. ಕಾಳುಗಳಿಗೆ ಮಾತು ಕೊಟ್ಟು ಅವರು ಚರ್ಚೆಯ ಕಣವನ್ನೇ ಬದಲಾಯಿಸಿದರು. ಶ್ರೇಷ್ಠತೆ ಎಂಬುದು ಹುಟ್ಟಿನ ಮಾತಲ್ಲ, ಪರೀಕ್ಷೆಯ ಮಾತು ಎಂಬ ಹೊಸ ನಿಯಮವನ್ನು ಕಥೆಯೊಳಗೆ ಜಾರಿಗೆ ತಂದರು.

ಇದೇ ದಾರಿಯಲ್ಲಿ ನಮ್ಮ ಕಾಲಕ್ಕೆ ಹತ್ತಿರ ಬಂದರೆ ಚಂದ್ರಶೇಖರ ಕಂಬಾರರು ಸಿಗುತ್ತಾರೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಅವರು ಪಾರಿಜಾತ, ಬಯಲಾಟಗಳ ಲೋಕದಲ್ಲಿ ಬೆಳೆದವರು. 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಅವರು ಮಳೆ-ಬೆಳೆಯ ಜನಪದ ದೈವವನ್ನು ಊರ ಗೌಡನ ಮನೆಯೊಳಗೆ ಬಿಟ್ಟರು. ಗೌಡನ ಕೈಯಲ್ಲಿ ಭೂಮಿಯಿದೆ, ಬಂದೂಕಿದೆ, ಫಲವಿಲ್ಲ. ಹೊಲ ಉಳುವ ಬಸಣ್ಣನ ಬಳಿ ಕಾಗದವಿಲ್ಲ, ಫಲವಿದೆ. ಹಾಗಾದರೆ ಹೊಲ ಯಾರದು? ಇದೇ ಪ್ರಶ್ನೆಯನ್ನು ಆ ವರ್ಷಗಳಲ್ಲಿ ವಿಧಾನಸೌಧವೂ ಕೇಳಿಕೊಳ್ಳುತ್ತಿತ್ತು. ಉಳುವವನಿಗೆ ಭೂಮಿಯ ಹಕ್ಕು ಕೊಡುವ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ನಾಟಕದಿಂದ ಕಾನೂನು ಬಂತೆಂದು ಹೇಳುವುದು ಅತಿರೇಕವಾದೀತು. ಆದರೆ ಪಹಣಿಯಲ್ಲಿ ಬರೆದದ್ದೇ ಸತ್ಯವೆಂದು ನಂಬಿದ ಸಮಾಜಕ್ಕೆ, ಪಹಣಿಯಾಚೆಗೂ ಒಡೆತನದ ಒಂದು ಅರ್ಥವಿದೆಯೆಂದು ತೋರಿಸಲು ಒಂದು ದೈವದ ಕಥೆಯೇ ಬೇಕಾಯಿತು.

ತೇಜಸ್ವಿಯವರ ‘ಕರ್ವಾಲೊ’ (1980) ಜ್ಞಾನದ ಅಧಿಕಾರವನ್ನು ಕೆಣಕಿದ ಕೃತಿ. ಹಾರುವ ಓತಿಯ ಬೆನ್ನುಹತ್ತಿದ ವಿಜ್ಞಾನಿಗೆ ದಾರಿ ತೋರುವವನು ಊರಿನವರು ನಿಷ್ಪ್ರಯೋಜಕನೆಂದು ಬಗೆದ ಮಂದಣ್ಣ. ಪದವಿಯಿರುವವನ ಮಾತು ಮಾತ್ರ ಸತ್ಯವೆನ್ನುವ ರೂಢಿ ಅಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಬಂಗಾಳದ ಬೇಗಂ ರೊಕೆಯಾ 1905ರಷ್ಟು ಹಿಂದೆಯೇ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಗಂಡಸರನ್ನು ಅಂತಃಪುರದೊಳಗೆ ಕೂರಿಸಿ, ಹೆಂಗಸರ ಕೈಗೆ ವಿಜ್ಞಾನವನ್ನೂ ರಾಜ್ಯವನ್ನೂ ಕೊಟ್ಟರು. ಆ ಕಥೆಯನ್ನು ಓದಿ ನಕ್ಕವನು ತನ್ನ ಮನೆಯ ಪರದೆಯನ್ನು ಮೊದಲಿನಷ್ಟೇ ಸಹಜವೆಂದು ಭಾವಿಸಲಾರ. ಕಲ್ಪನೆ ಮಾಡುವ ಕೆಲಸ ಇದೇ: ಸಹಜವೆಂದು ತೋರುವುದು ಬರೀ ರೂಢಿ ಎಂದು ನೆನಪಿಸುವುದು.

ಸ್ವಾತಂತ್ರ್ಯಾನಂತರ ಆಳುವವರು ನಮ್ಮವರೇ ಆದಾಗ ವಿಡಂಬನಕಾರನ ಕೆಲಸ ಕಷ್ಟವಾಯಿತು. ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ತಮ್ಮ ಒಂದು ನಾಟಕಕ್ಕೆ ‘ಶೋಕಚಕ್ರ’ ಎಂದು ಹೆಸರಿಟ್ಟರು. ರಾಷ್ಟ್ರದ ಲಾಂಛನದಿಂದ ಒಂದೇ ಒಂದು ಅಕ್ಷರವನ್ನು ತೆಗೆದರು, ಅಷ್ಟೇ. ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ ‘ಜರತಾರಿ ಜಗದ್ಗುರು’ ಕಾದಂಬರಿಯಲ್ಲಿ ಕಾವಿಯ ಮೇಲಿನ ಜರತಾರಿಯನ್ನು ತೋರಿಸಿದರು. ಇತ್ತ ಬೆಂಗಳೂರಿನಲ್ಲಿ ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿಯೇ ‘ಕೊರವಂಜಿ’ ಎಂಬ ನಗೆಪತ್ರಿಕೆಯನ್ನು ಹೊರಡಿಸಿದ್ದರು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರಲ್ಲೊಬ್ಬರು. ಪತ್ರಿಕೆಯ ಹೆಸರೇ ಅರ್ಥಪೂರ್ಣ. ಮನೆಯ ಬಾಗಿಲಿಗೆ ಬಂದು ಕಣಿ ಹೇಳುವ ಅಲೆಮಾರಿ ಹೆಂಗಸಿಗೆ ಮುದ್ರೆಯ ಅಧಿಕಾರವಿಲ್ಲ. ಆದರೂ ಒಳಗಿನ ಗುಟ್ಟು ಅವಳ ಬಾಯಿಂದಲೇ ಹೊರಬರುತ್ತದೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಸೆರೆವಾಸ ಕಂಡ ಧಾರವಾಡದ ಚಂದ್ರಶೇಖರ ಪಾಟೀಲರು ‘ಜಗದಂಬೆಯ ಬೀದಿನಾಟಕ’ ಬರೆದರು. ಜಗದಂಬೆ ಯಾರೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಸತ್ಯವನ್ನು ಪ್ರಶ್ನಿಸುವುದು ಒಳ್ಳೆಯದೆಂದು ಹೇಳುವುದಾದರೆ, ಇಂದು ಅಂಗೈಯಲ್ಲಿನ ಫೋನಿನ ಮೂಲಕ ಮನೆಮನೆಗೆ ಹರಿಯುತ್ತಿರುವ ಹುಸಿಸುದ್ದಿಯೂ ಅದನ್ನೇ ಮಾಡುತ್ತಿದೆಯಲ್ಲ? ಎರಡಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಬಹಳವಿದೆ. ಹುಸಿಸುದ್ದಿ ಅಧಿಕಾರದ ಭಾಷೆಯನ್ನೇ ಕದಿಯುತ್ತದೆ; ಮುದ್ರೆ, ದಿನಾಂಕ, ಚಿತ್ರ, ‘ಬಲ್ಲ ಮೂಲಗಳು’ ಎಲ್ಲವನ್ನೂ ಧರಿಸಿ ಬರುತ್ತದೆ. ಅದಕ್ಕೆ ಬೇಕಾದದ್ದು ನಂಬಿಕೆ. ವಿಡಂಬನೆಗೆ ಬೇಕಾದದ್ದು ವಿವೇಚನೆ. ಹುಸಿಸುದ್ದಿ ಗೆಲ್ಲಬೇಕಾದರೆ ಓದುಗ ಯೋಚಿಸಬಾರದು. ವಿಡಂಬನೆ ಗೆಲ್ಲಬೇಕಾದರೆ ಓದುಗ ಯೋಚಿಸಲೇಬೇಕು. ಪಾರಿಜಾತದ ಭಾಗವತ ಯಾರನ್ನೂ ಮೋಸಗೊಳಿಸಲಿಲ್ಲ.

ಈ ವ್ಯತ್ಯಾಸವನ್ನು ಗುರುತಿಸುವ ಹಕ್ಕು ಯಾರಿಗಿರಬೇಕು? ಈ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ವ್ಯವಹಾರಗಳ ಬಗ್ಗೆ ಅಂತರ್ಜಾಲದಲ್ಲಿ ಬರುವ ಮಾಹಿತಿಯಲ್ಲಿ ಯಾವುದು ಸುಳ್ಳು, ಯಾವುದು ದಾರಿತಪ್ಪಿಸುವಂಥದ್ದು ಎಂದು ಗುರುತಿಸುವ ಘಟಕವೊಂದಕ್ಕೆ ಅವಕಾಶ ಮಾಡಿಕೊಂಡಿತು. ಅದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಪತ್ರಿಕಾ ಸಂಪಾದಕರ ಸಂಘಟನೆಯೊಂದಿಗೆ ಒಬ್ಬ ಹಾಸ್ಯಗಾರನೂ ಇದ್ದ: ಕುನಾಲ್ ಕಾಮ್ರಾ. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಗಿ, ಸೆಪ್ಟೆಂಬರಿನಲ್ಲಿ ಮೂರನೆಯ ನ್ಯಾಯಮೂರ್ತಿಗಳ ತೀರ್ಮಾನದೊಂದಿಗೆ ಆ ತಿದ್ದುಪಡಿ ಅಸಾಂವಿಧಾನಿಕವೆಂದು ರದ್ದಾಯಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕವಿತೆಯೊಂದರ ಸಂಬಂಧ ಸಂಸದರೊಬ್ಬರ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ರದ್ದುಪಡಿಸುತ್ತ, ಕಾವ್ಯ, ನಾಟಕ, ವಿಡಂಬನೆಗಳು ಮನುಷ್ಯನ ಬದುಕನ್ನು ಅರ್ಥಪೂರ್ಣಗೊಳಿಸುತ್ತವೆಂದು ಹೇಳಿತು. ಸರ್ಕಾರ ಯಾವ ಪಕ್ಷದ್ದೇ ಆಗಿರಲಿ, ತನ್ನ ಬಗೆಗಿನ ಸತ್ಯಕ್ಕೆ ತಾನೇ ತೀರ್ಪುಗಾರನಾಗುವ ಆಸೆ ಅದಕ್ಕೆ ಸಹಜ. ಆ ಆಸೆಗೆ ಅಡ್ಡ ನಿಲ್ಲುವುದು ಭಾಗವತನಿಗೆ ಅಷ್ಟೇ ಸಹಜ.

ಹಾಗೆಂದು ವಿಡಂಬನೆ ಎಂದೂ ತಪ್ಪದ ಅಸ್ತ್ರವೆಂದು ಭಾವಿಸಬೇಕಾಗಿಲ್ಲ. ನಗೆ ಮೇಲಕ್ಕೂ ಚಿಮ್ಮಬಹುದು, ಕೆಳಕ್ಕೂ ಉರುಳಬಹುದು. ಹೆಂಗಸರನ್ನು, ಕುಂಟರು-ಕಿವುಡರನ್ನು, ಕೆಳಜಾತಿಗಳ ಮಾತು-ನಡೆಯನ್ನು ಗೇಲಿಮಾಡಿ ಚಪ್ಪಾಳೆ ಗಿಟ್ಟಿಸಿದ ಹಾಸ್ಯ ನಮ್ಮ ವೃತ್ತಿರಂಗಭೂಮಿಯಲ್ಲೂ ಸಿನಿಮಾದಲ್ಲೂ ಬೇಕಾದಷ್ಟಿದೆ. ಅದು ಅಧಿಕಾರವನ್ನು ಪ್ರಶ್ನಿಸಲಿಲ್ಲ, ಅಧಿಕಾರದ ಕೂಲಿಯಾಯಿತು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದರ ಜೊತೆಗೆ, ನಗುವವರು ಯಾವ ಎತ್ತರದಲ್ಲಿ ನಿಂತಿದ್ದಾರೆ ಎಂಬುದೂ ಮುಖ್ಯವಾಗುತ್ತದೆ.

ಇನ್ನೊಂದು ಅಪಾಯ ಹೆಚ್ಚು ನಯವಾದದ್ದು. ಜಾರ್ಜ್ ಆರ್ವೆಲ್ ‘ಅನಿಮಲ್ ಫಾರ್ಮ್’ ಬರೆದಾಗ, ವಾಕ್‌ಸ್ವಾತಂತ್ರ್ಯಕ್ಕೆ ಹೆಸರಾದ ಇಂಗ್ಲೆಂಡಿನಲ್ಲಿಯೇ 1944ರಲ್ಲಿ ಹಲವು ಪ್ರಕಾಶಕರು ಅದನ್ನು ಹಿಂದಿರುಗಿಸಿದರು. ಯುದ್ಧದಲ್ಲಿ ರಷ್ಯಾ ಮಿತ್ರರಾಷ್ಟ್ರ. ಸ್ಟಾಲಿನ್ನನ ಮನಸ್ಸಿಗೆ ನೋವಾಗಬಾರದು! ಪುಸ್ತಕ ಹೊರಬಂದದ್ದು 1945ರ ಆಗಸ್ಟ್‌ನಲ್ಲಿ. ಅಲ್ಲಿ ಯಾವ ಸರ್ಕಾರಿ ನಿಷೇಧವೂ ಇರಲಿಲ್ಲ, ಇದ್ದದ್ದು ದಾಕ್ಷಿಣ್ಯ. ನಮ್ಮ ಊರುಗಳಲ್ಲಿ ದಾಕ್ಷಿಣ್ಯದ ಬಲ ಇನ್ನೂ ಹೆಚ್ಚು. ಜಾತ್ರೆಯ ಆಟಕ್ಕೆ ದೇಣಿಗೆ ಕೊಡುವವರು, ಶಾಲೆ ಕಟ್ಟಿಸುವವರು, ಆಸ್ಪತ್ರೆ ನಡೆಸುವವರು, ಮಗನಿಗೆ ನೌಕರಿ ಕೊಡುವವರು, ಕಬ್ಬಿನ ಬಿಲ್ಲು ಪಾವತಿಸುವವರು ಎಷ್ಟೋ ಕಡೆ ಒಂದೇ ವಲಯದ ಜನ. ಅಂಥಲ್ಲಿ ಭಾಗವತನ ಬಾಯಿಗೆ ಯಾರೂ ಬೀಗ ಹಾಕಬೇಕಾಗಿಲ್ಲ. ಶಾಲು ಹೊದಿಸಿದರೆ ಸಾಕು. ಬ್ಯಾನರಿನ ಮೇಲಿರುವ ಹೆಸರನ್ನು ಕುರಿತು ಅವನು ಹಾಸ್ಯ ಮಾಡುವುದಿಲ್ಲ. ಮಾಡಿದರೂ ಆ ಹೆಸರಿನವರು ಮೊದಲ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕು ಅದನ್ನು ನಿರುಪದ್ರವಿಯಾಗಿಸುತ್ತಾರೆ.

ಕೊನೆಯದಾಗಿ ಉಳಿಯುವ ಪ್ರಶ್ನೆ: ಇದರಿಂದ ಏನಾದರೂ ಬದಲಾಗುತ್ತದೆಯೇ? ಲಾವಣಿ ಹಲಗಲಿಯ ಗಲ್ಲುಗಳನ್ನು ತಡೆಯಲಿಲ್ಲ. ರಾಮಧಾನ್ಯ ಚರಿತ್ರೆಯಿಂದ ಜಾತಿ ಅಳಿಯಲಿಲ್ಲ. ಬೀದಿನಾಟಕದಿಂದ ತುರ್ತುಪರಿಸ್ಥಿತಿ ಮುಗಿಯಲಿಲ್ಲ. ವಿಡಂಬನೆ ಸರ್ಕಾರಗಳನ್ನು ಉರುಳಿಸುವುದಿಲ್ಲ. ಆ ಕೆಲಸಕ್ಕೆ ಮತಪೆಟ್ಟಿಗೆಯಿದೆ, ಚಳವಳಿಗಳಿವೆ. ಆದರೆ ಮತಗಟ್ಟೆಗೆ ಹೋಗುವ ಮೊದಲು, ಚಳವಳಿಗೆ ಇಳಿಯುವ ಮೊದಲು ಮನುಷ್ಯನಿಗೆ ಒಂದು ಅನುಮಾನ ಹುಟ್ಟಬೇಕಾಗುತ್ತದೆ. ಇದು ಹೀಗೆಯೇ ಇರಬೇಕೆ, ಬೇರೆ ರೀತಿ ಇರಬಹುದಲ್ಲ ಎಂಬ ಅನುಮಾನ. ಅದನ್ನು ಹುಟ್ಟಿಸುವುದು ವರದಿಗಳಲ್ಲ, ಕಥೆಗಳು. ಮುದ್ರೆ ಒತ್ತಿದ ಸತ್ಯಕ್ಕೆ ಪ್ರತಿಯಾಗಿ ವಿಡಂಬನಕಾರ ಇನ್ನೊಂದು ಮುದ್ರೆಯ ಸತ್ಯವನ್ನು ತಂದು ಇಡುವುದಿಲ್ಲ. ಮುದ್ರೆಗೆ ಹೆದರುವ ಅಭ್ಯಾಸವನ್ನು ಬಿಡಿಸುತ್ತಾನೆ.

ಆದ್ದರಿಂದ ಪಾರಿಜಾತದ ಮೇಳಗಳನ್ನು ಉಳಿಸುವುದೆಂದರೆ ಅವರಿಗೆ ವರ್ಷಕ್ಕೊಂದು ಪ್ರಶಸ್ತಿ ಕೊಟ್ಟು, ಸರ್ಕಾರಿ ಉತ್ಸವದಲ್ಲಿ ಅರ್ಧ ಗಂಟೆಯ ಅವಕಾಶ ಕೊಟ್ಟು, ಯೋಜನೆಗಳ ಪ್ರಚಾರಕ್ಕೆ ಹಾಡು ಬರೆಸುವುದಲ್ಲ. ಕಲೆಯ ಹೊರರೂಪವನ್ನು ಉಳಿಸಿಕೊಂಡು ಅದರ ನಾಲಿಗೆಯನ್ನು ಕತ್ತರಿಸುವುದು ಸುಲಭ. ನಾವು ಅದರಲ್ಲಿ ಪಳಗಿದ್ದೇವೆ. ಉಳಿಯಬೇಕಾದದ್ದು ಭಾಗವತನ ಪ್ರಶ್ನೆ. ಅದಕ್ಕೆ ಊರವರೇ ಪಟ್ಟಿ ಎತ್ತಿ ಆಡಿಸುವ ಆಟ ಬೇಕು; ಮಕ್ಕಳಿಗೆ ರಾಗಿ-ಭತ್ತದ ಜಗಳವನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿಸದೆ ಕಥೆಯಾಗಿ ಹೇಳುವ ಮೇಷ್ಟರು ಬೇಕು; ತನ್ನನ್ನು ಕುರಿತ ನಗೆಯನ್ನು ತಾಳಿಕೊಳ್ಳುವಷ್ಟು ದೊಡ್ಡಸ್ತಿಕೆ ಇರುವ ದೊಡ್ಡವರು ಬೇಕು. ತೂಕದ ಚೀಟಿ ಹಿಡಿದು ನಿಂತ ರೈತ ಅದರಲ್ಲಿರುವ ಅಂಕಿಯನ್ನು ಒಪ್ಪಲಿ, ಬಿಡಲಿ. ಅದು ಹೇಗೆ ಬಂತೆಂದು ಅಂಜದೆ ಕೇಳುವ ಧೈರ್ಯ ಅವನಲ್ಲಿರಬೇಕು. ದೇವರನ್ನೇ ಹೆಸರು-ಊರು ಕೇಳಿದವರ ನಾಡಿನಲ್ಲಿ ಅಷ್ಟನ್ನು ನಿರೀಕ್ಷಿಸುವುದು ಹೆಚ್ಚೇನೂ ಅಲ್ಲ.